ಬಯೋಡೇಟಾದಲ್ಲಿ ‘ಉದ್ಯೋಗ’ ಅನ್ನೋ ಕಡೆ ಏನು ಬರೀಲಿ? (ತಮ್ಮ ನಾಟಕದವನು)

ದಾವಣಗೆರೆ ಅಕ್ಕ (ಪ್ರಶ್ನೆ ಇವರದು)

ಎಲ್ರಿಗೂ ನಮಸ್ಕಾರ. ನನ್ನ ತಮ್ಮನಿಗೆ 33 ತುಂಬಿತು, ಹೆಣ್ಣು ನೋಡ್ತಾ ಇದೀವಿ. ಮೊನ್ನೆ ಬಯೋಡೇಟಾ ಮಾಡಿಸೋಕೆ ಡಿಟಿಪಿ ಅಂಗಡೀಲಿ ಕೂತಿದ್ದೆ. ಹೆಸರು, ನಕ್ಷತ್ರ, ಎತ್ತರ, ಸೋದರಮಾವನ ಊರು ಎಲ್ಲಾ ಟೈಪ್ ಆಯ್ತು. ‘ಉದ್ಯೋಗ’ ಅಂದಲ್ಲಿಗೆ ನಾನು ಸುಮ್ಮನಾದೆ. ಅಂಗಡಿ ಹುಡುಗ ಸ್ವಲ್ಪ ಹೊತ್ತು ನೋಡಿ, ‘ಖಾಲಿ ಬಿಡ್ಲಾ ಅಕ್ಕಾ?’ ಅಂದ. ಖಾಲಿ ಬಿಟ್ರೆ ಹುಡುಗ ಖಾಲಿ ಕೂತಿದಾನೆ ಅಂದ್ಕೋತಾರೆ. ಆಮೇಲೆ ಬರ್ತೀನಿ ಅಂತ ಎದ್ದು ಬಂದೆ.

ಅವನು ಮಾಡೋದು ಇಷ್ಟು: ಬಿ.ಎ. ಆದ ಮೇಲೆ ಸಾಣೇಹಳ್ಳಿ ಮಠದ ನಾಟಕ ಶಾಲೇಲಿ ಒಂದು ವರ್ಷ ಕಲಿತ, ಎರಡು ವರ್ಷ ಅವರದೇ ತಂಡ ಶಿವಸಂಚಾರದಲ್ಲಿ ಊರೂರು ತಿರುಗಿದ. ಈಗ ವಾರಕ್ಕೆ ಮೂರು ದಿನ ಒಂದು ಪ್ರೈವೇಟ್ ಸ್ಕೂಲಲ್ಲಿ ನಾಟಕದ ಕ್ಲಾಸು. ಸುಗ್ಗಿ ಮುಗಿದು ಜಾತ್ರೆ ಶುರುವಾದ್ರೆ ಹಳ್ಳಿ ನಾಟಕ ಕಲಿಸೋಕೆ ಹೋಗ್ತಾನೆ. ತಿಂಗಳಿಗೆ ನಾಲ್ಕೈದು ದಿನ ಬೆಂಗಳೂರಲ್ಲಿ ಸೀರಿಯಲ್ಲು, ಅದರಲ್ಲಿ ಇವನು ವಿಲನ್ ಕಡೆ ಲಾಯರು. ಬೇಸಿಗೇಲಿ ಮಕ್ಕಳ ಶಿಬಿರ. ಇದೆಲ್ಲದರ ಮಧ್ಯೆ ತನ್ನದೇ ತಂಡ ಕಟ್ಕೊಂಡು ವರ್ಷಕ್ಕೊಂದು ನಾಟಕ ನಿರ್ದೇಶನ. ಅದರಲ್ಲಿ ಬರೋದೇನೂ ಇಲ್ಲ, ಹೋಗೋದೇ.

ವರ್ಷದ ಲೆಕ್ಕ ತೆಗೆದ್ರೆ ತೀರಾ ಕಮ್ಮಿಯೇನಿಲ್ಲ. ಆದ್ರೆ ಜೂನ್ ತಿಂಗಳಲ್ಲಿ ಗಾಡಿಗೆ ಪೆಟ್ರೋಲ್ ಹಾಕಿಸೋಕೆ ನನ್ನ ಹತ್ರಾನೇ ಇಸ್ಕೊಳ್ತಾನೆ. ಹೋದ ವಾರ ಹೆಣ್ಣಿನ ತಂದೆಗೆ ಫೋನಲ್ಲಿ ಇದನ್ನೆಲ್ಲಾ ಬಿಡಿಸಿ ಹೇಳಿದೆ. ಪಾಪ, ತಾಳ್ಮೆಯಿಂದ ಕೇಳಿ, ‘ಅದೆಲ್ಲಾ ಸರಿ ಕಣಮ್ಮಾ, ಕೆಲಸ ಏನು?’ ಅಂದ್ರು.

ಏನಂತ ಬರೀಲಿ ಹೇಳಿ.

ಕೋಟೆ ಹುಡುಗ

‘ಶಿಕ್ಷಕ’ ಅಂತ ಬರೆದು ಬಿಡಿ. ಸುಳ್ಳೇನಲ್ಲವಲ್ಲ.

ಬೆಣ್ಣೆದೋಸೆ

‘ವಕೀಲರು’ ಅಂತ ಬರೀರಿ. ಸೀರಿಯಲ್ಲಲ್ಲಿ ಅಂತ ಕೆಳಗೆ ಸಣ್ಣಕ್ಷರದಲ್ಲಿ ಹಾಕಿ 😀

ಹೊಳಲ್ಕೆರೆ ಮಾವ

ಶಿಕ್ಷಕ ಅಂತ ಬರೆದ್ರೆ ಮುಂದಿನ ಪ್ರಶ್ನೆ ‘ಗೌರ್ಮೆಂಟಾ, ಪ್ರೈವೇಟಾ?’ ಪ್ರೈವೇಟು ಅಂದ್ರೆ ‘ಯಾವ ಸಬ್ಜೆಕ್ಟು?’ ನಾಟಕ ಅಂದ್ರೆ ಮತ್ತೆ ‘ಅದು ಸರಿ, ಕೆಲಸ ಏನು?’ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೆ. ನಮ್ಮ ದೊಡ್ಡಪ್ಪನ ಮಗನಿಗೆ ಇದೇ ಗತಿಯಾಗಿತ್ತು. ಕೊನೆಗೆ ಅವನು ಹಾರ್ಡ್‌ವೇರ್ ಅಂಗಡಿ ಇಟ್ಟ ಮೇಲೇ ಮದುವೆ ಆಗಿದ್ದು.

ಸೈಡ್ ವಿಂಗ್

ನಾನೂ ನಾಟಕದ ಟೀಚರ್ರೇ, ಚಿತ್ರದುರ್ಗದಲ್ಲಿ. ಈ ‘ಶಿಕ್ಷಕ’ ಅನ್ನೋ ಪದದ ಒಳಗೆ ಏನಿದೆ ಅಂತ ಸ್ವಲ್ಪ ಹೇಳ್ತೀನಿ, ಯಾರೂ ಬೇಜಾರಾಗಬೇಡಿ.

ನಾನು ಹಿಂದೆ ಹೋಗ್ತಿದ್ದ ಸ್ಕೂಲಲ್ಲಿ ನನ್ನ ಪೀರಿಯಡ್ಡು ಟೈಂಟೇಬಲ್ಲಲ್ಲಿ ಪೆನ್ಸಿಲ್ಲಲ್ಲಿ ಬರೆದಿರ್ತಿತ್ತು. ಲೆಕ್ಕದ ಪಾಠ ಉಳಿದಿದ್ರೆ ಅಳಿಸಿ ಅವರಿಗೆ ಕೊಟ್ಟುಬಿಡೋರು. ಸಂಬಳ ಅಂತಿರಲಿಲ್ಲ, ‘ಗೌರವಧನ’. ಅದೂ ವರ್ಷಕ್ಕೆ ಹತ್ತೇ ತಿಂಗಳು. ಏಪ್ರಿಲ್, ಮೇ ತಿಂಗಳಲ್ಲಿ ನಮಗೆ ಹೊಟ್ಟೆ ಇರಲ್ಲ ಅಂತ ಅವರ ನಂಬಿಕೆ. ನವೆಂಬರ್ ಬಂದ್ರೆ ಮಾತ್ರ ನಾನೇ ರಾಣಿ, ಯಾಕಂದ್ರೆ ಡಿಸೆಂಬರಲ್ಲಿ ಸ್ಕೂಲ್ ಡೇ.

ಒಂದು ವರ್ಷ ಹೆಡ್ ಮೇಡಂ ಕರೆದು, ‘ಐದನೇ ಕ್ಲಾಸಿನ 46 ಮಕ್ಕಳೂ ಸ್ಟೇಜ್ ಮೇಲೆ ಬರಬೇಕು, ಎಲ್ಲಾ ಪೇರೆಂಟ್ಸೂ ವಿಡಿಯೋ ತೆಗೀತಾರೆ’ ಅಂದ್ರು. ನಾಟಕದಲ್ಲಿ ಇದ್ದಿದ್ದು 11 ಪಾತ್ರ. ಉಳಿದ 35 ಮಕ್ಕಳನ್ನು ಮರ ಮಾಡಿದೆ. ನಿಂತಿರೋ ಮರ ಮಾಡಿದ್ರೆ ಮೂರನೇ ನಿಮಿಷಕ್ಕೆ ಒಂದು ಮರ ಮೂಗು ಕೆರ್ಕೊಳ್ಳುತ್ತೆ, ಇನ್ನೊಂದು ಮರ ಅಮ್ಮ ಎಲ್ಲಿ ಕೂತಿದಾಳೆ ಅಂತ ಹುಡುಕುತ್ತೆ. ಅದಕ್ಕೇ ನಡೆದಾಡೋ ಕಾಡು ಮಾಡಿದೆ. ರಾಜ ಸುಳ್ಳು ಹೇಳಿದಾಗಲೆಲ್ಲಾ ಕಾಡು ಒಂದೊಂದು ಹೆಜ್ಜೆ ಮುಂದೆ ಬರಬೇಕು. ಒಟ್ಟು 14 ಸುಳ್ಳು. ಮಕ್ಕಳು ರಾಜನ ಮಾತನ್ನ ಕಿವಿಗೊಟ್ಟು ಕೇಳೋಕೆ ಶುರು ಮಾಡಿದ್ರು, ಇಲ್ಲಾಂದ್ರೆ ಯಾವಾಗ ಹೆಜ್ಜೆ ಇಡಬೇಕು ಅಂತ ಗೊತ್ತಾಗಲ್ಲವಲ್ಲ! ಕೊನೆಗೆ ಇಡೀ ಕಾಡು ಸಿಂಹಾಸನದ ಮೇಲೇ ಬಂದು ಬಿತ್ತು. ರಾಜ ನಿಜವಾಗಿ ಅತ್ತುಬಿಟ್ಟ, ಪಾಪ ಒಂಬತ್ತು-ಹತ್ತು ವರ್ಷದ ಹುಡುಗ.

ಕಾಡು ನಡೆಯೋದು ನನ್ನ ಸ್ವಂತದ್ದಲ್ಲ, ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ನಿಂದ ಕದ್ದಿದ್ದು. ಮೇಡಂ ಹತ್ರ ಇದನ್ನ ಹೇಳಿಲ್ಲ.

ಬೆಣ್ಣೆದೋಸೆ

14 ಸುಳ್ಳಿಗೆ 14 ಹೆಜ್ಜೆ! ನಮ್ಮ ಕಡೆ ಕೆಲವರ ಭಾಷಣಕ್ಕೆ ಈ ಕಾಡನ್ನ ಬಿಟ್ರೆ ಮಧ್ಯಾಹ್ನಕ್ಕೆ ಚಿತ್ರದುರ್ಗದ ಜೋಗಿಮಟ್ಟಿಯಿಂದ ಹೊರಟು ಸಂಜೆಗೆ ದಾವಣಗೆರೆ ಮುಟ್ಟುತ್ತೆ.

ಹೊಳಲ್ಕೆರೆ ಮಾವ

ರಾಜಕೀಯ ಬೇಡಪ್ಪ ಇಲ್ಲಿ.

ತಗಡು ಥಿಯೇಟರ್

ಎಲ್ಲರೂ ಸ್ಕೂಲು, ಶಿಬಿರ, ಡಿಪ್ಲೊಮಾ ಅಂತಿದೀರಿ. ದಾವಣಗೆರೇಲಿ ಕೂತು ನಾಟಕದ ಮಾತಾಡ್ತಾ ಕಂಪನಿ ನಾಟಕದ ಹೆಸರು ಒಬ್ರೂ ಎತ್ತಲಿಲ್ಲವಲ್ರೀ! ಚಿಂದೋಡಿ ಲೀಲಾ ಅವರ ಊರು ಇದು. ಕೆ.ಬಿ.ಆರ್. ಡ್ರಾಮಾ ಕಂಪನಿ ಊರು. ಕಂಪನೀಲಿ ಈ ‘ನಟ, ನಿರ್ದೇಶಕ, ಶಿಕ್ಷಕ’ ಅಂತ ಬೇರೆ ಬೇರೆ ವಿಸಿಟಿಂಗ್ ಕಾರ್ಡ್ ಇರಲಿಲ್ಲ. ಹಗಲು ಹೊಸಬರಿಗೆ ಮಾತು ಹೇಳಿಕೊಡೋನೇ ರಾತ್ರಿ ಬಣ್ಣ ಹಚ್ಚೋನು, ಬೆಳಿಗ್ಗೆ ಗೇಟ್ ಕಲೆಕ್ಷನ್ ಲೆಕ್ಕಕ್ಕೆ ಕೂರೋನೂ ಅವನೇ. ಕ್ಯಾಂಪ್ ಎತ್ತುವಾಗ ತಗಡು ಬಿಚ್ಚೋಕೂ ಕೈ ಹಾಕ್ಬೇಕು. ದುಗ್ಗಮ್ಮನ ಜಾತ್ರೆ ಟೈಮಲ್ಲಿ ಒಂದೇ ದಿನ ಎರಡು-ಮೂರು ಆಟ ಆಡಿ ಗಂಟಲು ಹರಕೊಂಡೋರನ್ನ ನೋಡಿದೀನಿ ನಾನು.

ಈಗಿನ ತರಬೇತಿ ಹುಡುಗರಿಗೆ ಮೈಕ್ ಇಲ್ದೆ ಮೂರನೇ ಸಾಲಿಗೆ ಮಾತು ಕೇಳಿಸಲ್ಲ. ಅವರು ಶಿಕ್ಷಕರಂತೆ!

ರಂಗಬುತ್ತಿ

ಮೈಕ್ ವಿಷಯ ನೀವು ಎತ್ತಬಾರದಿತ್ತು ಸಾರ್ 🙏 ಕಂಪನಿ ಸ್ಟೇಜ್ ಮೇಲೆ ತೋರಣ ಕಟ್ಟಿದ ಹಾಗೆ ಮೈಕ್ ಇಳಿಬಿಟ್ಟಿರ್ತಾರೆ. ಹೀರೋ, ವಿಲನ್ನು, ಕಾಮಿಡಿ ಎಲ್ಲರೂ ಅದರ ಕೆಳಗೇ ಬಂದು ನಿಂತು ಮಾತಾಡ್ತಾರೆ.

ತಗಡು ಥಿಯೇಟರ್

ಅದು ಈಚೀಚಿಗೆ. ಹಳಬರನ್ನ ನೀವು ಕೇಳಿಲ್ಲ.

ದುರ್ಗದ ಸೊಸೆ

ಚಿಂದೋಡಿ ಲೀಲಾ ಅವರ ಹೆಸರು ಬಂದಿದ್ದು ಒಳ್ಳೇದಾಯ್ತು. ಆಯಮ್ಮ ಚಿಕ್ಕವಯಸ್ಸಿಂದ ಬಣ್ಣ ಹಚ್ಚಿ, ಸಿನಿಮಾದಲ್ಲೂ ಮಾಡಿ, ಕಂಪನೀನೂ ನಡೆಸಿ, ಪದ್ಮಶ್ರೀ ತಗೊಂಡು 2010ರಲ್ಲಿ ಹೋದ್ರು. ಗಂಡು ಹುಡುಗನ ಬಯೋಡೇಟಾ ಬಗ್ಗೆ ಇಷ್ಟು ಚರ್ಚೆ ಮಾಡ್ತಿದೀವಲ್ಲ, ಈಗ ನಾಟಕದಲ್ಲಿರೋ ಹೆಣ್ಣುಮಗಳ ಬಯೋಡೇಟಾ ಹೇಗಿರುತ್ತೆ ಗೊತ್ತಾ? ನಾಟಕ ಅನ್ನೋ ಪದಾನೇ ಇರಲ್ಲ. ನನ್ನದರಲ್ಲಿ ‘ಹವ್ಯಾಸ: ಸಂಗೀತ, ಓದು’ ಅಂತ ಇತ್ತು. ಆರು ವರ್ಷ ಸ್ಟೇಜ್ ಮೇಲಿದ್ದೆ.

ದಾವಣಗೆರೆ ಅಕ್ಕ

ದುರ್ಗದ ಸೊಸೆ ಅವರೇ, ಓದಿ ಎದೆ ಚುಳ್ ಅಂತು. ಮದುವೆ ಆದ ಮೇಲೆ ನಾಟಕ ಮಾಡಿದ್ರಾ?

ದುರ್ಗದ ಸೊಸೆ

ತ.ರಾ.ಸು. ರಂಗಮಂದಿರಕ್ಕೆ ನೋಡೋಕೆ ಹೋಗ್ತೀನಿ. ಅಷ್ಟೇ.

ರಂಗಬುತ್ತಿ

ಅಕ್ಕ, ನಿಮ್ಮ ತಮ್ಮ ಯಾವ ವರ್ಷದ ಬ್ಯಾಚು? ಸಾಣೇಹಳ್ಳಿ ಶಾಲೆ ಶಿವಸಂಚಾರದ ಜೊತೇಲೇ ಶುರುವಾಗಿದ್ದಲ್ವಾ, 97ರಲ್ಲಿ?

ತಾಲೀಮು ಮನೆ

ಅಲ್ಲ. ಶಿವಕುಮಾರ ಕಲಾಸಂಘ 1987ರದ್ದು, ಶಿವಸಂಚಾರ 1997ರದ್ದು, ರಂಗಪ್ರಯೋಗಶಾಲೆ ಬಂದಿದ್ದು 2008ರಲ್ಲಿ. ಮೂರೂ ಬೇರೆ ಬೇರೆ. ಶಾಲೇಲಿ ಒಂದು ವರ್ಷ ಕಲೀತಾರೆ. ಶಿವಸಂಚಾರ ಅಂದ್ರೆ ತಿರುಗಾಟದ ತಂಡ, ವರ್ಷಕ್ಕೆ ಮೂರು ನಾಟಕ ಕಟ್ಕೊಂಡು, ನವೆಂಬರಲ್ಲಿ ಊರಲ್ಲೇ ನಾಟಕೋತ್ಸವ ಮಾಡಿ, ಆಮೇಲೆ ರಾಜ್ಯ ಸುತ್ತೋಕೆ ಹೊರಡುತ್ತೆ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಮ್‌ನಲ್ಲೂ ಹಾಗೇ: 1980ರಲ್ಲಿ ಶಾಲೆ, 1985ರಲ್ಲಿ ತಿರುಗಾಟ.

ತಿರುಗಾಟದಲ್ಲಿ ಇದ್ದೋನಿಗೆ ನಟ ಅಂತ ಕರೆದ್ರೆ ಅರ್ಧ ಕೆಲಸ ಬಿಟ್ಟುಹೋಗುತ್ತೆ. ಮಧ್ಯಾಹ್ನ ಊರಿಗೆ ಇಳಿದು ಸೆಟ್ ಹಾಕ್ಬೇಕು, ಲೈಟು ಕಟ್ಬೇಕು, ಕರೆಂಟಿನ ಲೋಡು ತಡೆಯುತ್ತಾ ಅಂತ ನೋಡ್ಕೋಬೇಕು. ಸಂಜೆ ಬಟ್ಟೆ ಇಸ್ತ್ರಿ. ರಾತ್ರಿ ರಾಜನ ಪಾರ್ಟು. ಹನ್ನೊಂದಕ್ಕೆ ಕಿರೀಟ ಇಳಿಸಿ ಅದೇ ರಾಜ ಲಾರಿಗೆ ಪೆಟ್ಟಿಗೆ ಹೊರ್ತಾನೆ. ನಾನು ಒಂದು ವರ್ಷ ಮಾಡಿದೀನಿ. ಇವತ್ತಿಗೂ ಯಾವ ಊರಿನ ಸ್ಟೇಜ್ ನೋಡಿದ್ರೂ ಮೊದಲು ಕಣ್ಣು ಹೋಗೋದು ಮೀಟರ್ ಬೋರ್ಡ್ ಕಡೆಗೇ.

ಕೋಟೆ ಹುಡುಗ

ಮಠದವರು ನಾಟಕ ಯಾಕೆ ಕೈಗೆ ತಗೊಂಡ್ರು ಅಂತ ನನಗೆ ಮೊದಲಿಂದ್ಲೂ ಕುತೂಹಲ.

ತಾಲೀಮು ಮನೆ

ಅದು ಸಿರಿಗೆರೆಯಿಂದ ಬಂದಿದ್ದು. ಅಲ್ಲಿನ ಶಿವಕುಮಾರ ಶ್ರೀಗಳೇ ನಾಟಕ ಬರೆದು ಆಡಿಸ್ತಿದ್ರು. ಅವರ ಹೆಸರನ್ನೇ ಸಾಣೇಹಳ್ಳಿಯ ಪಂಡಿತಾರಾಧ್ಯ ಶ್ರೀಗಳು ಸಂಘಕ್ಕೆ ಇಟ್ಟಿದ್ದು. ಆ ಗ್ರೀಕ್ ಮಾದರಿ ಬಯಲು ರಂಗಮಂದಿರ ನೋಡಿಲ್ಲ ಅಂದ್ರೆ ಒಂದ್ಸಲ ನವೆಂಬರಲ್ಲಿ ಹೋಗಿ ಬನ್ನಿ. ಸ್ವೆಟರ್ ಇರಲಿ, ಕಲ್ಲಿನ ಮೆಟ್ಟಿಲು ರಾತ್ರಿ ಹತ್ತಕ್ಕೆ ಮಂಜುಗಡ್ಡೆ.

ಪೇಟಿ ಮಾಸ್ತರ್ ಮಗ

ತಡವಾಗಿ ಬಂದೆ. ನಮ್ಮಪ್ಪ ಜಗಳೂರು ಕಡೆ ಪೇಟಿ ಮಾಸ್ತರ್. ಹಾರ್ಮೋನಿಯಂ ನುಡಿಸೋನೇ ನಿರ್ದೇಶಕ, ಅವನೇ ಮೇಷ್ಟ್ರು, ಊರಿನ ಎರಡು ಪಾರ್ಟಿ ಜಗಳ ಆಡಿದ್ರೆ ರಾಜಿ ಮಾಡಿಸೋನೂ ಅವನೇ. ಒಂದೊಂದು ಊರಲ್ಲಿ ಎರಡು-ಮೂರು ತಿಂಗಳು ತಾಲೀಮು. ರಾತ್ರಿ ಊಟ ಆದ ಮೇಲೆ ಗುಡಿ ಅಂಗಳದಲ್ಲಿ ಶುರುವಾದ್ರೆ ಹನ್ನೆರಡು, ಒಂದು.

ಪಾರ್ಟು ಹಂಚೋದೇ ದೊಡ್ಡ ರಾಮಾಯಣ. ಯಾರಿಗೆ ಯಾವ ಪಾರ್ಟು ಒಪ್ಪುತ್ತೆ ಅಂತ ನೋಡಂಗಿಲ್ಲ, ಖರ್ಚಿಗೆ ಯಾರು ಹೆಚ್ಚು ದುಡ್ಡು ಕಟ್ಟಿದ್ರೋ ಅವರಿಗೆ ದೊಡ್ಡ ಪಾರ್ಟು. ನಮ್ಮ ಕಡೆ ‘ರಕ್ತರಾತ್ರಿ’ ಅಂದ್ರೆ ಪ್ರಾಣ. ಒಂದು ಊರಲ್ಲಿ ಕುರಿ ಕಾಯೋ ಅಜ್ಜ ಒಬ್ರಿಗೆ ಶಕುನಿ ಪಾರ್ಟು ಬಂತು. ಓದಕ್ಕೆ ಬರಲ್ಲ. ಅಪ್ಪ ಒಂದೊಂದು ಮಾತನ್ನೂ ಪೇಟಿ ಮೇಲೆ ಮನೆ (ಸ್ವರದ ಕೀಲಿ) ಹಿಡಿದು ಹೇಳಿಕೊಟ್ರು. ಈ ಮಾತು ಈ ಸ್ವರಕ್ಕೆ ಏರುತ್ತೆ, ಇಲ್ಲಿ ಇಳಿಯುತ್ತೆ ಅಂತ. ಅಜ್ಜ ಹಗಲೆಲ್ಲಾ ಕುರಿ ಮುಂದೆ ಹೇಳ್ಕೊಂಡು ತಿರುಗ್ತಿದ್ದ. ಇಡೀ ರಾತ್ರಿ ನಾಟಕದಲ್ಲಿ ಒಂದು ಮಾತು ತಪ್ಪಲಿಲ್ಲ. ಅವನ ಮೊಮ್ಮಗ ಪಿಯುಸಿ, ಅರ್ಜುನನ ಪಾರ್ಟು, ನಾಲ್ಕು ಕಡೆ ಮರೆತ.

ಅದೇ ನಾಟಕದಲ್ಲಿ ಇನ್ನೊಂದಾಯ್ತು. ದ್ರೌಪದಿ ಪಾತ್ರಕ್ಕೆ ದಾವಣಗೆರೆಯಿಂದ ಕರೆಸಿದ್ದ ಕಲಾವಿದೆ, ಗೋಳಾಡ್ತಾ ಇದಾಳೆ, ಜನ ಕಣ್ಣು ಒರೆಸ್ಕೊಳ್ತಾ ಇದಾರೆ. ಮೈಕಲ್ಲಿ ‘ದುರ್ಯೋಧನನ ಪಾತ್ರಧಾರಿಗೆ ಅವರ ಮಾವನವರಿಂದ ಒಂದು ಕೈಗಡಿಯಾರ!’ ಅಂತ ಅನೌನ್ಸ್ ಆಯ್ತು. ದುರ್ಯೋಧನ ಗದೆ ಕೆಳಗಿಟ್ಟ, ಮುಂದೆ ಬಂದ, ವಾಚು ಕಟ್ಟಿಸ್ಕೊಂಡ, ಮಾವನ ಕಾಲಿಗೆ ಬಿದ್ದ, ಜನಕ್ಕೆ ಕೈ ಎತ್ತಿ ತೋರಿಸ್ದ. ದ್ರೌಪದಿ ಅಲ್ಲೇ ಕೂದಲು ಬಿಟ್ಕೊಂಡು ನಿಂತು ಕಾದಳು. ಅವನು ವಾಪಸ್ ಹೋಗಿ ಗದೆ ಎತ್ಕೊಂಡ ಮೇಲೆ ಬಿಟ್ಟ ಕಡೆಯಿಂದಲೇ ಅತ್ತಳು. ಅಪ್ಪ ಆ ರಾತ್ರಿ ಪೇಟಿ ಮುಚ್ಚಿ ಎದ್ದೇ ಹೋಗ್ತಿದ್ರು, ಊರ ಗೌಡ್ರು ಹಿಡಿದು ಕೂರಿಸಿದ್ರು. ಆ ಹೆಣ್ಣುಮಗಳ ಬಗ್ಗೆ ಮಾತ್ರ ಅಪ್ಪ ಕೊನೇವರೆಗೂ ಹೇಳ್ತಿದ್ರು, ‘ಕಲಾವಿದೆ ಅಂದ್ರೆ ಅವಳು’ ಅಂತ.

ಅಪ್ಪನ ರೇಷನ್ ಕಾರ್ಡಲ್ಲಿ ಉದ್ಯೋಗ ‘ಕೂಲಿ’ ಅಂತ ಇತ್ತು.

ಸೈಡ್ ವಿಂಗ್

ಪೇಟಿ ಮೇಲೆ ಮನೆ ಹಿಡಿದು ಮಾತು ಕಲಿಸೋದು! ಸಾರ್, ಅದನ್ನೇ ನಮಗೆ ತಿಂಗಳುಗಟ್ಟಲೆ ವಾಚಿಕ (ಮಾತಿನ ಅಭಿನಯ) ಅಂತ ಪಾಠ ಮಾಡಿದ್ರು. ನಾಳೆ ಕ್ಲಾಸಲ್ಲಿ ಮಾಡಿ ನೋಡ್ತೀನಿ. ಕೀಬೋರ್ಡ್ ಆದ್ರೂ ಆಗುತ್ತಾ?

ಪೇಟಿ ಮಾಸ್ತರ್ ಮಗ

ಆಗುತ್ತೆ. ಆದ್ರೆ ಒಂದೊಂದು ಹುಡುಗನ ದನಿಗೂ ಒಂದೊಂದು ಶ್ರುತಿ, ಎಲ್ಲರಿಗೂ ಒಂದೇ ಮನೆ ಹಿಡೀಬೇಡಿ, ಗಂಟಲು ಕಟ್ಟುತ್ತೆ.

ಹಿರಿಯೂರು ಎಕ್ಸ್‌ಪ್ರೆಸ್

‘ರಕ್ತರಾತ್ರಿ’ ಎಲ್ಲ ನಿಮ್ಮ ಜಗಳೂರು, ಹರಪನಹಳ್ಳಿ ಕಡೆ. ನಮ್ಮ ಹಿರಿಯೂರು ಕಡೆ ‘ಕುರುಕ್ಷೇತ್ರ’ ಬಿಟ್ರೆ ನಾಟಕಾನೇ ಅಲ್ಲ.

ಪೇಟಿ ಮಾಸ್ತರ್ ಮಗ

ನಿಮ್ಮಲ್ಲಿ ಕೃಷ್ಣ ಒಂದೇ ಪದಾನ ಮೂರು ಸಲ ಒನ್ಸ್‌ಮೋರ್ ಹಾಡ್ತಾನೆ, ಯುದ್ಧ ಶುರುವಾಗೋ ಹೊತ್ತಿಗೆ ಹಾಲಿನ ವ್ಯಾನ್ ಬಂದಿರುತ್ತೆ.

ಹಿರಿಯೂರು ಎಕ್ಸ್‌ಪ್ರೆಸ್

ಬರಲಿ ಬಿಡ್ರಿ, ಕಾಫಿಗಾಗುತ್ತೆ.

ಲೆಡ್ಜರ್ ಲಿಂಗಣ್ಣ

ಎಲ್ಲಾ ಕಥೆ ಚೆಂದ. ಅಕ್ಕನ ಪ್ರಶ್ನೆಗೆ ಬರೋಣ. ಹೆಣ್ಣಿನ ಕಡೆಯವರು ಕೇಳ್ತಿರೋದು ಉದ್ಯೋಗದ ಹೆಸರನ್ನಲ್ಲ, ತಿಂಗಳು ತಿಂಗಳು ಬರುತ್ತಾ ಅಂತ. ಸೀರಿಯಲ್‌ನೋರು ಪೇಮೆಂಟಲ್ಲಿ ಶೇ 10 ತೆರಿಗೆ (ಟಿಡಿಎಸ್) ಹಿಡಿದು ಕೊಡ್ತಿರಬೇಕು. ರಿಟರ್ನ್ಸ್ ಹಾಕ್ತಾರಾ? ಮೂರು ವರ್ಷದ ರಿಟರ್ನ್ಸ್ ಇದ್ರೆ ಬ್ಯಾಂಕಿನೋರೇ ಸಾಲ ಕೊಡ್ತಾರೆ, ಮಾವ ಹೆಣ್ಣು ಕೊಡಲ್ವಾ?

ದಾವಣಗೆರೆ ಅಕ್ಕ

ಅಯ್ಯೋ, ಹಾಕೇ ಇಲ್ಲ ಅಂತೆ. ‘ಹಿಡಿದಿದ್ದು ಹಿಡಿದ್ರು ಬಿಡಕ್ಕಾ’ ಅಂತಾನೆ.

ಲೆಡ್ಜರ್ ಲಿಂಗಣ್ಣ

ವಾಪಸ್ ಬರೋ ದುಡ್ಡಮ್ಮಾ ಅದು! ಇದೇ ನೋಡಿ ಕಲಾವಿದರ ಹಣೆಬರಹ. ಜೂನಲ್ಲಿ ಪೆಟ್ರೋಲಿಗೆ ಅಕ್ಕನ ಹತ್ರ ಬರ್ತಾರೆ, ತಮ್ಮದೇ ದುಡ್ಡು ಸರ್ಕಾರದ ಹತ್ರ ಬಿಟ್ಟಿರ್ತಾರೆ.

ಕಂಠದಾನ

ಸೀರಿಯಲ್ ಜೊತೆ ಡಬ್ಬಿಂಗೂ ಟ್ರೈ ಮಾಡೋಕೆ ಹೇಳಿ. ನಾನು ಒಂದು ಕಾಲದಲ್ಲಿ ಕನ್ನಡಕ್ಕೆ ಡಬ್ಬಿಂಗ್ ಬೇಡ ಅಂತ ಘೋಷಣೆ ಕೂಗಿ ಗಂಟಲು ಹರಕೊಂಡೋನು. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂತು, ತಡೆ ಹೋಯ್ತು. ಈಗ ಅದೇ ಗಂಟಲಲ್ಲಿ ಬೇರೆ ಭಾಷೆ ಹೀರೋನ ಚಿಕ್ಕಪ್ಪನಿಗೆ ದನಿ ಕೊಟ್ಟು ಮನೆ ಬಾಡಿಗೆ ಕಟ್ತಿದೀನಿ. ನಗಬೇಡಿ.

ಬೆಣ್ಣೆದೋಸೆ

ನಕ್ಕಿದೀವಿ, ಕ್ಷಮಿಸಿ.

ತಾಲೀಮು ಮನೆ

ಒಂದು ಮಾತು. ಬಿ.ವಿ. ಕಾರಂತರ ಬಯೋಡೇಟಾ ಬರೀಬೇಕಾಗಿದ್ರೆ ಏನ್ ಬರೀತಿದ್ರಿ? ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದ್ರು. ಕಾಶೀಲಿ ಹಿಂದಿ ಓದಿದ್ರು. ದೆಹಲೀಲಿ ರಾಷ್ಟ್ರೀಯ ನಾಟಕ ಶಾಲೇಲಿ ಕಲಿತು, ಮುಂದೆ ಅದಕ್ಕೇ ನಿರ್ದೇಶಕರಾದ್ರು. ನಡುವೆ ಶಾಲಾ ಮಕ್ಕಳಿಗೆ ನಾಟಕ ಕಲಿಸಿದ್ರು, ಸಿನಿಮಾ ಮಾಡಿದ್ರು, ಸಂಗೀತ ಕೊಟ್ರು, ಭೋಪಾಲಲ್ಲಿ ರಂಗಮಂಡಲ ಕಟ್ಟಿದ್ರು, 1989ರಲ್ಲಿ ಮೈಸೂರಿನ ರಂಗಾಯಣ. ಇದರಲ್ಲಿ ಯಾವುದು ‘ಉದ್ಯೋಗ’, ಯಾವುದು ‘ಇತರೆ’?

ಹೊಳಲ್ಕೆರೆ ಮಾವ

ಕಾರಂತರಿಗೆ ನಾವು ಹೆಣ್ಣು ಹುಡುಕ್ತಿಲ್ಲ. ಆಕಾಶ ತೋರಿಸಿ ನೆಲ ಮರೆಸಬೇಡಿ. ಒಬ್ಬ ಕಾರಂತರಿಗೆ ಹೆಸರಿಲ್ಲದ ಎಷ್ಟು ಜನ ಜೂನ್ ತಿಂಗಳಲ್ಲಿ ಪೆಟ್ರೋಲಿಗೆ ಪರದಾಡ್ತಿದಾರೆ? 58 ದಾಟಿದ ಮೇಲೆ ಮಾಸಾಶನಕ್ಕೆ ಅರ್ಜಿ ಹಿಡ್ಕೊಂಡು ಇಲಾಖೆ ಮೆಟ್ಟಿಲು ಹತ್ತೋರನ್ನ ನೋಡಿದೀನಿ. ಕಲಾವಿದ ಅಂತ ತೋರಿಸೋಕೆ ಹಳೇ ಕರಪತ್ರ, ಫೋಟೊ ಎಲ್ಲಾ ಹುಡುಕ್ಬೇಕು. ನಿಮ್ಮ ತಮ್ಮನಿಗೆ ಈಗಲೇ ಒಂದು ಫೈಲ್ ಮಾಡೋಕೆ ಹೇಳಮ್ಮಾ.

ಕಟ್ಕೊಂಡೋಳು

ನಾಟಕದೋನನ್ನ ಕಟ್ಕೊಂಡು ಹನ್ನೆರಡು ವರ್ಷ ಆಯ್ತು. ಹೆಣ್ಣಿನ ಕಡೆಯವರಿಗೆ ಇದನ್ನ ತೋರಿಸ್ಬೇಡಿ, ಅಥವಾ ತೋರಿಸಿ, ನಿಮ್ಮಿಷ್ಟ.

ಗಣೇಶನ ಹಬ್ಬ, ದೀಪಾವಳಿ, ಜಾತ್ರೆ, ಯಾವುದಕ್ಕೂ ಮನೇಲಿರಲ್ಲ. ಜನ ರಜ ಇರೋ ದಿನವೇ ಇವರಿಗೆ ಶೋ. ನನ್ನ ಕುಕ್ಕರ್ ಮುಚ್ಚಳ ಒಂದು ಸಲ ಗುರಾಣಿ ಆಗಿ ಹೋಗಿ ಗ್ಯಾಸ್ಕೆಟ್ ಇಲ್ದೆ ಬಂತು. ಮದುವೆ ರೇಷ್ಮೆ ಸೀರೆ ಹಿಂದಿನ ಪರದೆ ಆಗಿ ತೂಗಾಡ್ತಿದ್ದಿದ್ದನ್ನ ನಾನು ಪ್ರೇಕ್ಷಕರ ಮಧ್ಯೆ ಕೂತು ನೋಡಿದೆ, ಅಳಬೇಕೋ ಚಪ್ಪಾಳೆ ಹೊಡೀಬೇಕೋ ಗೊತ್ತಾಗಲಿಲ್ಲ. ದಿಂಬಿನ ಕವರಿಗೆ ಬಣ್ಣ ಮೆತ್ತಿರುತ್ತೆ, ಸರ್ಫು ಹಾಕಿ ಉಜ್ಜಿದ್ರೂ ಹೋಗಲ್ಲ, ಕೊಬ್ಬರಿ ಎಣ್ಣೆ ಹಚ್ಚಿ ಬಿಟ್ಟು ಆಮೇಲೆ ಒಗೀಬೇಕು. (ಆ ಹುಡುಗಿಗೆ ಇದೊಂದು ಹೇಳಿ.)

ಆದ್ರೆ ನಮ್ಮತ್ತೆಗೆ ಲಕ್ವ ಹೊಡೆದು ಮಾತು ನಿಂತಾಗ, ಡಾಕ್ಟ್ರು ಹೇಳಿದ ಎಕ್ಸರ್‌ಸೈಜನ್ನ ಇವರು ದಿನಾ ಬೆಳಿಗ್ಗೆ ಆಟದ ಥರ ಮಾಡಿಸ್ತಿದ್ರು. ಊದೋದು, ತುಟಿ ನಡುಗಿಸೋದು, ಬೆಕ್ಕಿನ ಹಾಗೆ ಕೂಗೋದು. ಮಕ್ಕಳ ಶಿಬಿರದಲ್ಲಿ ಮಾಡಿಸ್ತಾರಲ್ಲ, ಅದೇ. ಅತ್ತೆ ಮೊದಲು ಆಡಿದ ಮಾತು ‘ಥೂ’. ಬೆಕ್ಕಿನ ಆಟ ಸಾಕಾಗಿತ್ತು ಅವರಿಗೆ.

ಸೈಡ್ ವಿಂಗ್

ಆ ‘ಥೂ’ಗೆ ಒನ್ಸ್‌ಮೋರ್!

ತಗಡು ಥಿಯೇಟರ್

ಕೊಬ್ಬರಿ ಎಣ್ಣೆ ಸರಿ. ಕಂಪನೀಲಿ ಬಣ್ಣ ತೆಗೆಯೋಕೂ ಅದೇ. ಒಪ್ಪಿದೆ.

ಅಕ್ಕನ ತಮ್ಮ (ಹೊಸ ಸದಸ್ಯ)

ಅಕ್ಕಾ, ಇಲ್ಲಿ ಹಾಕೋ ಮುಂಚೆ ನನ್ನ ಒಂದು ಮಾತು ಕೇಳ್ಬೇಕಿತ್ತು. ಪೆಟ್ರೋಲಿಗೆ ಇಸ್ಕೊಂಡಿದ್ದು ಒಂದೇ ಸಲ.

ದಾವಣಗೆರೆ ಅಕ್ಕ

ಮೂರು ಸಲ.

ಲೆಡ್ಜರ್ ಲಿಂಗಣ್ಣ

ತಮ್ಮಾ, ಮೊದಲು ರಿಟರ್ನ್ಸು.

ದಾವಣಗೆರೆ ಅಕ್ಕ

ನಾಲ್ಕು ದಿನ ಬಿಟ್ಟು ಬರೀತಿದೀನಿ. ಮತ್ತೆ ಡಿಟಿಪಿ ಅಂಗಡಿಗೆ ಹೋಗಿದ್ದೆ. ‘ಉದ್ಯೋಗ: ನಾಟಕದ ಮೇಷ್ಟ್ರು, ನಟ’ ಅಂತ ಬರೆಸಿದೆ. ನಿರ್ದೇಶಕ ಅಂತ ಸೇರಿಸೋಣ ಅಂದ್ರೆ ಜಾಗ ಸಾಲದೆ ‘ಹುಟ್ಟಿದ ವೇಳೆ’ ಕೆಳಗಿನ ಪುಟಕ್ಕೆ ಹೋಗ್ತಿತ್ತು, ಬಿಟ್ಟೆ. ಅಂಗಡಿ ಹುಡುಗ ಟೈಪ್ ಮಾಡ್ತಾ ಮಾಡ್ತಾ ತಿರುಗಿ ನೋಡಿ, ‘ಮೇಷ್ಟ್ರು ಅಂದ್ರೆ ಕಲಿಸ್ತಾರಾ? ಸಾಮಾಜಿಕ ನಾಟಕಾನೂ ಕಲಿಸ್ತಾರಾ?’ ಅಂದ. ಹೂಂ ಅಂದೆ.

ಹೆಣ್ಣಿನ ಕಡೆಯಿಂದ ಇನ್ನೂ ಫೋನ್ ಬಂದಿಲ್ಲ. ಅಂಗಡಿ ಹುಡುಗನ ಊರಿಂದ ನಿನ್ನೆ ನಾಲ್ಕು ಜನ ಗಾಡಿ ಮಾಡ್ಕೊಂಡು ಮನೆಗೇ ಬಂದಿದ್ರು. ಜಾತ್ರೆಗೆ ನಾಟಕ ಆಡ್ಬೇಕಂತೆ, ಮೇಷ್ಟ್ರು ಬೇಕಂತೆ. ಬಯೋಡೇಟಾ ಒಂದು ಪ್ರತಿ ಕೈಯಲ್ಲೇ ಇತ್ತು. ಟೀ ಕುಡಿದು, ಎರಡು ಸಾವಿರ ಅಡ್ವಾನ್ಸ್ ಕೊಟ್ಟು, ಹೋಗುವಾಗ ಒಬ್ಬರು ಕೇಳಿದ್ರು: ‘ನಕ್ಷತ್ರ ಎಲ್ಲ ಯಾಕೆ ಹಾಕಿಸೀರಿ?’

ಬೆಣ್ಣೆದೋಸೆ

ಯಾವ ನಾಟಕ ಅಂತೆ?

ದಾವಣಗೆರೆ ಅಕ್ಕ

ಇನ್ನೂ ಗೊತ್ತಿಲ್ಲ. ವಿಲನ್ ಪಾರ್ಟಿಗೆ ಮಾತ್ರ ಆಗಲೇ ದುಡ್ಡು ಕಟ್ಟಿದಾರಂತೆ.